ಟ್ಯಾಕ್ಸ್ ಇಲ್ಲ ಅಂದ್ಮೇಲೆ ರಿಟರ್ನ್ ಯಾಕೆ? ಕಲಬುರಗಿ ಕಡೆಯ ಪಿಂಚಣಿದಾರರಿಗೆ ಒಂದು ಲೆಕ್ಕ

2025ರ ಫೆಬ್ರವರಿ 1ರ ಬಜೆಟ್ ಆದಾಗಿನಿಂದ ನಮ್ಮ ಕಡೆ ನಿವೃತ್ತರು ಸೇರಿದಲ್ಲೆಲ್ಲ ಒಂದು ಮಾತು ಬಂದೇ ಬರುತ್ತದೆ. "12 ಲಕ್ಷದ ತನಕ ಟ್ಯಾಕ್ಸೇ ಇಲ್ಲಂದ್ಮ್ಯಾಲ ರಿಟರ್ನ್ ಯಾಕ್ರೀ ಹಾಕಬೇಕು?"

ಮಾತಿನ ಮೊದಲರ್ಧ ಬಹುಮಟ್ಟಿಗೆ ಸರಿ. ತೊಂದರೆ ಇರೋದು ಎರಡನೇ ಅರ್ಧದಲ್ಲಿ. ತೆರಿಗೆ ಕಟ್ಟಬೇಕಾ ಅನ್ನೋದು ಒಂದು ಪ್ರಶ್ನೆ. ರಿಟರ್ನ್ ಹಾಕಬೇಕಾ ಅನ್ನೋದು ಇನ್ನೊಂದು. ಎರಡಕ್ಕೂ ಗೆರೆ ಬೇರೆ ಬೇರೆ. ಮೊದಲನೆಯದರ ಗೆರೆ 12 ಲಕ್ಷ, ಎರಡನೆಯದರ ಗೆರೆ 4 ಲಕ್ಷ. ಸಾಧಾರಣ ಪಿಂಚಣಿ, ಒಂದಿಷ್ಟು ಎಫ್‌ಡಿ ಬಡ್ಡಿ, ಊರಲ್ಲಿ ಸ್ವಲ್ಪ ಹೊಲ ಇರುವ ನಮ್ಮ ಭಾಗದ ಬಹಳಷ್ಟು ನಿವೃತ್ತರು ಈ ಎರಡು ಗೆರೆಗಳ ನಡುವೆ ಇದ್ದಾರೆ. ಅವರಿಗೆ ತೆರಿಗೆ ಸೊನ್ನೆ, ಆದರೆ ರಿಟರ್ನ್ ಕಡ್ಡಾಯ.

ಇದು ಯಾಕೆ ಹೀಗೆ? ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗಿನ ಆದಾಯಕ್ಕೆ ಮಾತ್ರ ನಿಜವಾಗಿಯೂ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗೆ ಶೇ 5, 8ರಿಂದ 12 ಲಕ್ಷದವರೆಗೆ ಶೇ 10 ಇದೆ. ಹೀಗೆ ಲೆಕ್ಕ ಹಾಕಿದರೆ 12 ಲಕ್ಷಕ್ಕೆ 60 ಸಾವಿರ ರೂಪಾಯಿ ತೆರಿಗೆ ಬರುತ್ತದೆ. ಆಮೇಲೆ 87ಎ ಅನ್ನುವ ಕಲಮಿನಡಿ ಸರ್ಕಾರ ಆ 60 ಸಾವಿರವನ್ನು ಮನ್ನಾ ಮಾಡುತ್ತದೆ. ಇದಕ್ಕೇ ರಿಬೇಟ್ ಅನ್ನೋದು. ಅಂದರೆ ತೆರಿಗೆ ಮೊದಲು ಬೀಳುತ್ತದೆ, ಆಮೇಲೆ ಬಿಡುತ್ತದೆ. ಬಿದ್ದದ್ದೆಷ್ಟು, ಬಿಟ್ಟದ್ದೆಷ್ಟು ಎಂದು ತೋರಿಸುವ ಕಾಗದವೇ ರಿಟರ್ನ್. ಶಕ್ತಿ ಯೋಜನೆಯಲ್ಲಿ ಹೆಣ್ಮಕ್ಕಳಿಗೆ ಬಸ್ಸು ಫ್ರೀ, ಆದರೂ ಕಂಡಕ್ಟರ್ ಹರಿದು ಕೊಡುವ ಸೊನ್ನೆ ಟಿಕೆಟ್ ತಗೊಳ್ಳಲೇಬೇಕಲ್ವಾ? ಹಾಗೇ ಇದು.

ಇಲ್ಲಿ ಕೊಡುವ ಅಂಕಿಗಳೆಲ್ಲ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಆದಾಯದ್ದು. ಅದಕ್ಕೆ ಹಿಂದಿನ ವರ್ಷ ಗೆರೆ 3 ಲಕ್ಷ ಇತ್ತು, ರಿಬೇಟ್ 7 ಲಕ್ಷದವರೆಗೆ ಮಾತ್ರ ಸಿಗುತ್ತಿತ್ತು. ಹಳೆಯ ವಾಟ್ಸಾಪ್ ಮೆಸೇಜು ನೋಡಿ ಲೆಕ್ಕ ಹಾಕಬೇಡಿ.

ನಿಮ್ಮ 4 ಲಕ್ಷ ಎಲ್ಲಿಂದ ಎಣಿಸಬೇಕು

ಪಿಂಚಣಿ ಕಾನೂನಿನ ಕಣ್ಣಲ್ಲಿ ಸಂಬಳವೇ. ಹಾಗಾಗಿ ಸಂಬಳದವರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ನಿಮಗೂ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಅದು 75,000 ರೂಪಾಯಿ. ಇದನ್ನು ಕಳೆದ ಮೇಲೆ ಉಳಿದದ್ದು 4 ಲಕ್ಷ ದಾಟಿದೆಯಾ ಅಂತ ನೋಡಬೇಕು. ಬೇರೆ ಯಾವ ಆದಾಯವೂ ಇಲ್ಲ, ಪಿಂಚಣಿ ಒಂದೇ ಅಂದರೆ ವರ್ಷಕ್ಕೆ 4,75,000 ರೂಪಾಯಿವರೆಗೆ ರಿಟರ್ನಿನ ಗೊಡವೆ ಇಲ್ಲ. ತಿಂಗಳಿಗೆ ಸುಮಾರು 39,500. ಮೂಲ ಪಿಂಚಣಿಯ ಜೊತೆಗೆ ತುಟ್ಟಿಭತ್ಯೆಯೂ ಸೇರಿದ ಮೊತ್ತ ಇದು. ಕಮ್ಯುಟೇಶನ್ ಮಾಡಿಸಿದವರಿಗೆ, ಅಂದರೆ ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ ತಗೊಂಡವರಿಗೆ, ಆ ಕಂತು ಕಡಿತವಾದ ಮೇಲೆ ಉಳಿಯುವ ಪಿಂಚಣಿಯೇ ಲೆಕ್ಕಕ್ಕೆ.

ಆದರೆ ಪಿಂಚಣಿ ಒಂದೇ ಇರುವವರು ಎಷ್ಟು ಜನ? ನಿವೃತ್ತಿಯ ದಿನ ಬಂದ ರೊಕ್ಕ ಎಲ್ಲೋ ಒಂದು ಕಡೆ ಎಫ್‌ಡಿ ಆಗಿ ಕೂತಿರುತ್ತದೆ. ಅದರ ಬಡ್ಡಿ ಪೂರ್ತಿ ಆದಾಯವೇ.

ಒಂದು ಉದಾಹರಣೆ ನೋಡೋಣ. ಆಳಂದ ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರು ಅಂತ ಅಂದುಕೊಳ್ಳಿ. ವಯಸ್ಸು 67, ಪಿಂಚಣಿ ತಿಂಗಳಿಗೆ 31,000. ವರ್ಷಕ್ಕೆ 3,72,000 ಆಯಿತು. 75,000 ಕಳೆದರೆ ಉಳಿಯುವುದು 2,97,000. ಬ್ಯಾಂಕಿನಲ್ಲಿ 9 ಲಕ್ಷದ ಎಫ್‌ಡಿ, ಶೇ 7ರಂತೆ ಬಡ್ಡಿ 63,000. ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 10 ಲಕ್ಷ, ಶೇ 8.2ರಂತೆ 82,000. ಎಲ್ಲ ಕೂಡಿಸಿದರೆ 4,42,000.

ಮೇಷ್ಟ್ರು 4 ಲಕ್ಷದ ಗೆರೆ ದಾಟಿದರು. ತೆರಿಗೆ ಎಷ್ಟು? ಮೇಲಿನ 42,000ಕ್ಕೆ ಶೇ 5, ಅಂದರೆ 2,100 ರೂಪಾಯಿ. ರಿಬೇಟಿನಲ್ಲಿ ಅದೂ ಸೊನ್ನೆ. ಕಟ್ಟೋದು ಏನಿಲ್ಲ, ಆದರೆ ರಿಟರ್ನ್ ಹಾಕಲೇಬೇಕು. ಇವರಿಗೆ ಇದನ್ನು ಯಾರೂ ಹೇಳುವುದಿಲ್ಲ ನೋಡಿ. ಬ್ಯಾಂಕಿನ ಬಡ್ಡಿ 1 ಲಕ್ಷದ ಒಳಗಿದೆ, ಹಾಗಾಗಿ ಬ್ಯಾಂಕ್ ಟಿಡಿಎಸ್ (ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಲಿಲ್ಲ. ಪೋಸ್ಟಾಫೀಸಿನ ಬಡ್ಡಿಯೂ 1 ಲಕ್ಷದ ಒಳಗೆ, ಅಲ್ಲೂ ಹಿಡಿಯಲಿಲ್ಲ. ಎಲ್ಲೂ ಏನೂ ಕಟ್ ಆಗಿಲ್ಲ ಅಂದಮೇಲೆ ನನಗೆ ಸಂಬಂಧವಿಲ್ಲ ಅಂತ ಮೇಷ್ಟ್ರು ಆರಾಮಾಗಿ ಇದ್ದುಬಿಡುತ್ತಾರೆ. ಟಿಡಿಎಸ್ ಹಿಡಿಯಲಿಲ್ಲ ಅನ್ನೋದು ರಿಟರ್ನಿನಿಂದ ಬಿಡುಗಡೆ ಅಲ್ಲ.

ಕ್ಯುಮುಲೇಟಿವ್ ಎಫ್‌ಡಿ ಇಟ್ಟವರು ಇನ್ನೊಂದು ತಪ್ಪು ಮಾಡುತ್ತಾರೆ. "ಐದು ವರ್ಷ ಆದ ಮೇಲೆ ಒಮ್ಮೆಲೆ ಬರೋದು, ಈಗ ಕೈಗೆ ಬಂದಿಲ್ಲ" ಅಂತ ಬಡ್ಡಿಯನ್ನು ಬಿಟ್ಟುಬಿಡುತ್ತಾರೆ. ಬ್ಯಾಂಕ್ ಪ್ರತಿ ವರ್ಷದ ಬಡ್ಡಿಯನ್ನು ನಿಮ್ಮ ಪ್ಯಾನ್ ಹೆಸರಲ್ಲಿ ಇಲಾಖೆಗೆ ವರದಿ ಮಾಡುತ್ತಿರುತ್ತದೆ. ಸೇವಿಂಗ್ಸ್ ಖಾತೆಯ ಬಡ್ಡಿಯನ್ನೂ ಸೇರಿಸಬೇಕು. ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದರೆ ಅದೂ ಬರುತ್ತದೆ. ಆದರೆ ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ಬಿಟ್ಟು ಮಿಕ್ಕದ್ದು ಮಾತ್ರ ಲೆಕ್ಕ.

ಹೆಂಡತಿಯ ಹೆಸರಲ್ಲಿ ಎಫ್‌ಡಿ ಇಟ್ಟರೆ ಆಯಿತಲ್ಲ ಅನ್ನುವ ಜಾಣತನ ಎಲ್ಲರಿಗೂ ಹೊಳೆಯುತ್ತದೆ. ಕಾನೂನಿಗೂ ಹೊಳೆದಿದೆ. ಗಂಡ ಸುಮ್ನೆ ಕೊಟ್ಟ ರೊಕ್ಕದಿಂದ ಹೆಂಡತಿ ಹೆಸರಲ್ಲಿ ಬರುವ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ದೊಡ್ಡವನಾದ ಮಗನಿಗೆ ಕೊಟ್ಟರೆ ಹಾಗಿಲ್ಲ, ಆ ಬಡ್ಡಿ ಅವನದೇ. ಆಮೇಲೆ ರೊಕ್ಕವೂ ಅವನದೇ, ಅದು ನೆನಪಿರಲಿ.

60, 75, 80: ವಯಸ್ಸಿನ ಗೊಂದಲ

ಹಳೆಯ ಪದ್ಧತಿಯಲ್ಲಿ ವಯಸ್ಸಿಗೆ ತಕ್ಕ ಗೆರೆ ಇದೆ. 60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷ. ಹಿರಿಯರ ತಲೆಯಲ್ಲಿ ಈ 5 ಲಕ್ಷ ಗಟ್ಟಿಯಾಗಿ ಕೂತಿದೆ. ಆದರೆ 2023-24ರಿಂದ ನೀವು ಏನೂ ಹೇಳದಿದ್ದರೆ ಹೊಸ ಪದ್ಧತಿಯೇ ಅನ್ವಯ. ಹೊಸ ಪದ್ಧತಿಗೆ ವಯಸ್ಸು ಗೊತ್ತಿಲ್ಲ. 35ರವರಿಗೂ 4 ಲಕ್ಷ, 85ರವರಿಗೂ 4 ಲಕ್ಷ. 84 ವರ್ಷದ ಅಜ್ಜನಿಗೆ ಡಿಡಕ್ಷನ್ ಕಳೆದು 4,60,000 ಆದಾಯವಿದ್ದರೆ "ನಂದು 5 ಲಕ್ಷ ದಾಟಿಲ್ಲ" ಅಂತ ಕೂರುವ ಹಾಗಿಲ್ಲ. ಹಳೆ ಪದ್ಧತಿ ಬೇಕು ಅಂದರೂ ಅದನ್ನು ಆರಿಸಿಕೊಳ್ಳುವುದು ಗಡುವಿನೊಳಗೆ ಹಾಕಿದ ರಿಟರ್ನಿನಲ್ಲೇ.

ಇನ್ನು 75. "75 ದಾಟಿದವರಿಗೆ ಟ್ಯಾಕ್ಸೂ ಇಲ್ಲ, ರಿಟರ್ನೂ ಇಲ್ಲ" ಅನ್ನುವ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇರುತ್ತದೆ. ಅರ್ಧ ಸುಳ್ಳು, ಅರ್ಧ ಷರತ್ತು. ತೆರಿಗೆ ಇಲ್ಲ ಅನ್ನೋದು ಸುಳ್ಳು. ರಿಟರ್ನಿನಿಂದ ವಿನಾಯಿತಿ ಇದೆ, 194ಪಿ ಎನ್ನುವ ಕಲಮಿನಲ್ಲಿ. ಆದರೆ ಅದರ ಬಾಗಿಲು ಬಹಳ ಕಿರಿದು. ನಿಮಗೆ 75 ತುಂಬಿರಬೇಕು. ಆದಾಯ ಅಂದರೆ ಪಿಂಚಣಿ ಮತ್ತು ಬಡ್ಡಿ ಮಾತ್ರ ಇರಬೇಕು. ಆ ಬಡ್ಡಿಯೂ ಪಿಂಚಣಿ ಬರುವ ಅದೇ ಬ್ಯಾಂಕಿನದಾಗಿರಬೇಕು. ಬ್ಯಾಂಕಿಗೆ 12ಬಿಬಿಎ ಎಂಬ ಫಾರ್ಮ್ ತುಂಬಿ ಕೊಡಬೇಕು. ಆಗ ಬ್ಯಾಂಕೇ ನಿಮ್ಮ ಲೆಕ್ಕ ಹಾಕಿ, ತೆರಿಗೆ ಇದ್ದರೆ ಹಿಡಿದುಕೊಂಡು ಕೆಲಸ ಮುಗಿಸುತ್ತದೆ.

ನಮ್ಮ ಕಡೆಯ ಹಿರಿಯರ ಪಾಸ್‌ಬುಕ್ಕುಗಳನ್ನು ಒಮ್ಮೆ ಹರಡಿ ನೋಡಿ. ಪಿಂಚಣಿ ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ. ಒಂದು ಎಫ್‌ಡಿ ಊರಿನ ಸಹಕಾರಿ ಬ್ಯಾಂಕಿನಲ್ಲಿ, ಬಡ್ಡಿ ಜಾಸ್ತಿ ಅಂತ. ಇನ್ನೊಂದು ಪೋಸ್ಟಾಫೀಸಿನಲ್ಲಿ, ಸೇಫ್ ಅಂತ. ಜೊತೆಗೆ ಮುಂದಿನ ಅಂಗಡಿಯ ಬಾಡಿಗೆ. ಈ ಮೂರರಲ್ಲಿ ಯಾವುದೊಂದು ಇದ್ದರೂ 194ಪಿ ಬಾಗಿಲು ಮುಚ್ಚಿತು. ನನ್ನ ಅಭಿಪ್ರಾಯ ಕೇಳಿದರೆ, ಈ ವಿನಾಯಿತಿಗೋಸ್ಕರ ಎಲ್ಲ ರೊಕ್ಕ ಒಂದೇ ಬ್ಯಾಂಕಿಗೆ ತಂದು ಹಾಕುವುದು ಬೇಡ. ಬ್ಯಾಂಕ್ ಠೇವಣಿಗೆ ವಿಮೆ ಇರುವುದು ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷದವರೆಗೆ. ವರ್ಷಕ್ಕೊಮ್ಮೆ ರಿಟರ್ನ್ ಹಾಕೋದೇ ವಾಸಿ.

80 ದಾಟಿದವರಿಗೆ ಒಂದು ಸಣ್ಣ ಅನುಕೂಲ ಇದೆ. ಸಹಜ್ ಅನ್ನುವ ಐಟಿಆರ್-1 ಫಾರ್ಮನ್ನು ಅವರು ಕಾಗದದಲ್ಲೇ ತುಂಬಿ ಕೊಡಬಹುದು, ಆನ್‌ಲೈನ್ ಕಡ್ಡಾಯವಲ್ಲ. ಪ್ಯಾನ್-ಆಧಾರ್ ಜೋಡಣೆಯಿಂದಲೂ ಅವರಿಗೆ ವಿನಾಯಿತಿ ಇದೆ.

ಕುಟುಂಬ ಪಿಂಚಣಿ ಮತ್ತು 15ಎಚ್

ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿಯ ಲೆಕ್ಕ ಬೇರೆ. ಇದು ಸಂಬಳ ಅಲ್ಲ, ಇತರೆ ಆದಾಯ. ಇದಕ್ಕೆ 75,000 ಸಿಗುವುದಿಲ್ಲ. ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ.

ಬೀದರಿನಲ್ಲಿರುವ 70 ವರ್ಷದ ಒಬ್ಬ ಅಮ್ಮನಿಗೆ ತಿಂಗಳಿಗೆ 22,000 ಕುಟುಂಬ ಪಿಂಚಣಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 2,64,000. 25,000 ಕಳೆದರೆ 2,39,000. ಗಂಡನಿಂದ ಉಳಿದ 16 ಲಕ್ಷ ಒಂದೇ ಬ್ಯಾಂಕಿನಲ್ಲಿದೆ, ಶೇ 7.5ರಂತೆ ಬಡ್ಡಿ 1,20,000. ಒಟ್ಟು 3,59,000. 4 ಲಕ್ಷ ದಾಟಿಲ್ಲ. ರಿಟರ್ನ್ ಕಡ್ಡಾಯ ಅಲ್ಲ.

ಆದರೆ ಬಡ್ಡಿ 1 ಲಕ್ಷ ದಾಟಿತಲ್ಲ, ಬ್ಯಾಂಕ್ ಸುಮ್ಮನಿರುವುದಿಲ್ಲ. ಪೂರ್ತಿ 1,20,000ಕ್ಕೆ ಶೇ 10ರಂತೆ 12,000 ರೂಪಾಯಿ ಹಿಡಿದುಕೊಳ್ಳುತ್ತದೆ. ಪ್ಯಾನ್ ಕೊಟ್ಟಿಲ್ಲ ಅಂದರೆ ಅಥವಾ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಶೇ 20. ಈ 12,000 ವಾಪಸ್ ಬೇಕು ಅಂದರೆ ಇರುವ ದಾರಿ ಒಂದೇ, ರಿಟರ್ನ್. ಕಡ್ಡಾಯ ಅಲ್ಲದಿದ್ದರೂ ಹಾಕಬೇಕಾಗುತ್ತದೆ. ಬಿಟ್ಟರೆ ಆ ರೊಕ್ಕ ಹೋಯಿತು.

ಇದನ್ನು ಮೊದಲೇ ತಡೆಯೋದು 15ಎಚ್. 60 ದಾಟಿದವರು, ವರ್ಷದ ಕೊನೆಗೆ ತಮ್ಮ ತೆರಿಗೆ ಸೊನ್ನೆಯೇ ಆಗುತ್ತದೆ ಅನ್ನುವುದಾದರೆ, ಟಿಡಿಎಸ್ ಹಿಡಿಯಬೇಡಿ ಎಂದು ಬ್ಯಾಂಕಿಗೆ ಬರೆದುಕೊಡುವ ಫಾರ್ಮ್ ಇದು. ರಿಬೇಟ್ ಕಳೆದು ಸೊನ್ನೆ ಆದರೂ ಇದನ್ನು ಕೊಡಬಹುದು. ಪ್ರತಿ ಬ್ಯಾಂಕಿಗೂ ಬೇರೆ ಕೊಡಬೇಕು, ಪೋಸ್ಟಾಫೀಸಿಗೂ ಬೇರೆ, ಪ್ರತಿ ವರ್ಷವೂ ಹೊಸದಾಗಿ. ಏಪ್ರಿಲ್‌ನಲ್ಲೇ ಕೊಟ್ಟುಬಿಡಿ, ಆ ಬಿಸಿಲಲ್ಲಿ ಕಲಬುರಗಿಯಲ್ಲಿ ಬ್ಯಾಂಕಿಗೆ ಹೋಗೋದು ಒಂದು ಶಿಕ್ಷೆಯೇ ಆದರೂ. ಬಹಳ ಬ್ಯಾಂಕುಗಳಲ್ಲಿ ಮೊಬೈಲಿನಿಂದಲೇ ಕೊಡಬಹುದು. ಕೊಟ್ಟದ್ದಕ್ಕೆ ಒಂದು ರಸೀದಿ ಇಟ್ಟುಕೊಳ್ಳಿ. ನವೆಂಬರಿನಲ್ಲಿ ಕೊಡುವ ಜೀವಿತ ಪ್ರಮಾಣ ಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಪಿಂಚಣಿ ನಿಲ್ಲದಿರಲಿ ಅಂತ, ಇದು ಬಡ್ಡಿಯಲ್ಲಿ ಕಡಿತ ಆಗದಿರಲಿ ಅಂತ.

ಇಲ್ಲೇ ಮತ್ತೊಂದು ತಪ್ಪು ತಿಳುವಳಿಕೆ ಇದೆ. "15ಎಚ್ ಕೊಟ್ಟೀನಿ, ರಿಟರ್ನ್ ಬ್ಯಾಡ." ಹಾಗಲ್ಲ. 15ಎಚ್ ನಿಮಗೂ ಬ್ಯಾಂಕಿಗೂ ನಡುವಿನ ವ್ಯವಹಾರ. ನಮ್ಮ ಆಳಂದದ ಮೇಷ್ಟ್ರು ಹತ್ತು 15ಎಚ್ ಕೊಟ್ಟರೂ ಅವರ 4,42,000 ಕಡಿಮೆ ಆಗುವುದಿಲ್ಲ.

ತೊಗರಿ ರೊಕ್ಕದ ಕಥೆ

ಕಲಬುರಗಿ, ಬೀದರ, ಯಾದಗಿರಿಯಲ್ಲಿ ನಿವೃತ್ತರ ಆದಾಯದ ಬಗ್ಗೆ ಮಾತಾಡುವಾಗ ಹೊಲ ಬಿಟ್ಟು ಮಾತಾಡಿದರೆ ಅರ್ಧ ಮಾತಾಡಿದ ಹಾಗೆ. ಬಸ್ ಡ್ರೈವರ್ ಆಗಿ ನಿವೃತ್ತರಾದವರಿಗೆ, ವಾಡಿ, ಶಹಾಬಾದ್ ಕಡೆಯ ಕಾರ್ಖಾನೆಗಳಲ್ಲಿ ದುಡಿದವರಿಗೆ ಇಪಿಎಸ್-95ರ (ಪಿಎಫ್ ಕಡೆಯಿಂದ ಬರುವ ನೌಕರರ ಪಿಂಚಣಿ ಯೋಜನೆ) ಪಿಂಚಣಿ ಬರುವುದು ಕೆಲವೇ ಸಾವಿರ. 2014ರಿಂದ ಅದರ ಕನಿಷ್ಠ ಮೊತ್ತವೇ ತಿಂಗಳಿಗೆ 1,000 ರೂಪಾಯಿ. ಅವರ ಬದುಕು ನಡೆಯುವುದು ತೊಗರಿಯಿಂದ, ಕಡಲೆಯಿಂದ. ಶಹಾಪುರ, ಸುರಪುರದ ಕಾಲುವೆ ಕೆಳಗಿನವರಿಗೆ ಭತ್ತದಿಂದ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಅಷ್ಟೇ ಅಲ್ಲ, ರಿಟರ್ನ್ ಹಾಕಬೇಕಾ ಅನ್ನುವ 4 ಲಕ್ಷದ ಲೆಕ್ಕಕ್ಕೂ ಅದು ಸೇರುವುದಿಲ್ಲ. ಪಿಂಚಣಿ ವರ್ಷಕ್ಕೆ 42,000, ಎಫ್‌ಡಿ ಬಡ್ಡಿ 70,000, ತೊಗರಿಯಿಂದ ಖರ್ಚು ಕಳೆದು 5 ಲಕ್ಷ ಬಂದರೂ ಆ ಡ್ರೈವರಣ್ಣ ರಿಟರ್ನ್ ಹಾಕಬೇಕಿಲ್ಲ. ಹೊಲವನ್ನು ತಾವೇ ಮಾಡದೆ ಪಾಲಿಗೆ ಅಥವಾ ಲಾವಣಿಗೆ ಕೊಟ್ಟಿದ್ದರೂ, ಅಲ್ಲಿ ಬೆಳೆ ಬೆಳೆಯುತ್ತಿದ್ದರೆ ಆ ರೊಕ್ಕವೂ ಕೃಷಿ ಆದಾಯವೇ. ಟ್ರ್ಯಾಕ್ಟರ್ ಬಾಡಿಗೆ ಹಾಗಲ್ಲ, ಅದಕ್ಕೆ ತೆರಿಗೆ ಲೆಕ್ಕ ಇದೆ. ಸೋಲಾರ್ ಕಂಪನಿಗೆ ಹೊಲ ಲೀಜಿಗೆ ಕೊಟ್ಟರೆ ಬರುವ ಬಾಡಿಗೆಯೂ ಕೃಷಿ ಆದಾಯ ಅಲ್ಲ. ಅಲ್ಲಿ ಬೆಳೆಯೋದು ಕರೆಂಟು.

ಪಿಂಚಣಿಯೂ ಚೆನ್ನಾಗಿದ್ದು, ಹೊಲವೂ ಇರುವವರಿಗೆ ಒಂದು ತಿರುವು ಬರುತ್ತದೆ. ಕೃಷಿಯೇತರ ಆದಾಯ 4 ಲಕ್ಷ ದಾಟಿ, ಕೃಷಿ ಆದಾಯ 5,000 ರೂಪಾಯಿಗಿಂತ ಜಾಸ್ತಿ ಇದ್ದರೆ, ತೆರಿಗೆಯ ದರ ಗೊತ್ತುಮಾಡಲು ಮಾತ್ರ ಕೃಷಿ ಆದಾಯವನ್ನು ಕೂಡಿಸಿ ನೋಡುತ್ತಾರೆ. ಮೇಷ್ಟ್ರ 4,42,000ದ ಜೊತೆ 3 ಲಕ್ಷ ತೊಗರಿ ಆದಾಯ ಇದೆ ಅನ್ನಿ. ಎರಡೂ ಸೇರಿ 7,42,000ಕ್ಕೆ ತೆರಿಗೆ 17,100. ಆಮೇಲೆ 4 ಲಕ್ಷದ ಗೆರೆಗೆ 3 ಲಕ್ಷ ಕೂಡಿಸಿ 7 ಲಕ್ಷಕ್ಕೆ ತೆರಿಗೆ 15,000. ಒಂದರಿಂದ ಇನ್ನೊಂದನ್ನು ಕಳೆದರೆ 2,100. ಅದೂ ರಿಬೇಟಿನಲ್ಲಿ ಹೋಯಿತು. ರಿಬೇಟಿನ 12 ಲಕ್ಷದ ಮಿತಿಗೆ ಕೃಷಿ ಆದಾಯ ಸೇರುವುದಿಲ್ಲ. ಹಾಗಾಗಿ ಸಾಧಾರಣ ಆದಾಯದವರು ಈ ಲೆಕ್ಕ ನೋಡಿ ಹೆದರಬೇಕಿಲ್ಲ.

ಬದಲಾಗುವುದು ಫಾರ್ಮು. ಕೃಷಿ ಆದಾಯ 5,000ದವರೆಗೆ ಇದ್ದರೆ ಮಾತ್ರ ಸಹಜ್ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಐಟಿಆರ್-2. ಕೃಷಿ ಆದಾಯ 5 ಲಕ್ಷ ದಾಟಿದರೆ ಹೊಲ ಯಾವ ಜಿಲ್ಲೆಯಲ್ಲಿದೆ, ಎಷ್ಟಿದೆ, ಸ್ವಂತದ್ದೋ ಲೀಜಿನದ್ದೋ, ನೀರಾವರಿಯೋ ಖುಷ್ಕಿಯೋ ಎಂದೂ ಬರೆಯಬೇಕು. ನಮ್ಮ ಕಡೆ ಸಹಜ್ ತುಂಬಿ, ಹೊಲದ ಕಾಲಂನಲ್ಲಿ ಸೊನ್ನೆ ಹಾಕಿ ಮುಗಿಸುವವರು ಜಾಸ್ತಿ. ಅದು ಸರಿಯಲ್ಲ. ಆ ಸೊನ್ನೆ ಮುಂದೆ ನಿಮಗೇ ತಿರುಗುತ್ತದೆ. ನಾಳೆ ತೊಗರಿ ಮಾರಿದ ದೊಡ್ಡ ಮೊತ್ತ ಖಾತೆಗೆ ಬಿದ್ದು, ಇದೆಲ್ಲಿಂದ ಬಂತು ಅಂತ ನೋಟಿಸ್ ಬಂದರೆ, ಹೊಲದ್ದು ಅನ್ನಲು ನಿಮ್ಮ ರಿಟರ್ನೇ ನಿಮಗೆ ಎದುರಾಗಿ ನಿಂತಿರುತ್ತದೆ. ಸೇವಿಂಗ್ಸ್ ಖಾತೆಗೆ ಒಂದು ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕ್ ಅದನ್ನು ಇಲಾಖೆಗೆ ತಿಳಿಸುತ್ತದೆ. ಎಪಿಎಂಸಿಯ ಅಡತಿ ಪಟ್ಟಿ, ಖರೀದಿ ಕೇಂದ್ರದ ರಸೀದಿ, ಪಹಣಿ, ಇವನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ಹೊಲ ಮಾರಿದರೆ? ಹಳ್ಳಿಯ ಕೃಷಿ ಭೂಮಿ ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಹಳ್ಳಿಯದು ಅನ್ನೋದು ಊರಿನ ಮಿತಿಯಿಂದ ಇರುವ ದೂರದ ಮೇಲೆ ನಿಂತಿದೆ. ಜನಗಣತಿ ಪ್ರಕಾರ 10 ಸಾವಿರದಿಂದ 1 ಲಕ್ಷ ಜನರಿರುವ ಪಟ್ಟಣವಾದರೆ 2 ಕಿಲೋಮೀಟರ್, 1ರಿಂದ 10 ಲಕ್ಷವಾದರೆ 6, ಅದಕ್ಕಿಂತ ದೊಡ್ಡದಾದರೆ 8. 2011ರ ಗಣತಿಯಲ್ಲಿ ಕಲಬುರಗಿ 5 ಲಕ್ಷ, ಬೀದರ 2 ಲಕ್ಷ ದಾಟಿದ್ದವು, ಯಾದಗಿರಿ 1 ಲಕ್ಷದ ಒಳಗಿತ್ತು. ಹಾಗಾಗಿ ಕಲಬುರಗಿ, ಬೀದರ ಸುತ್ತ 6 ಕಿಲೋಮೀಟರ್, ಯಾದಗಿರಿ ಸುತ್ತ 2. ರಸ್ತೆಯ ದೂರ ಅಲ್ಲ, ನೇರ ಗೆರೆ ಎಳೆದು ಅಳೆದ ದೂರ. ಇದರೊಳಗಿನ ಹೊಲ ಅಥವಾ ಎನ್ಎ (ಕೃಷಿಯೇತರ) ಆದ ಪ್ಲಾಟು ಮಾರಿದರೆ ಬಂಡವಾಳ ಲಾಭದ ತೆರಿಗೆ ಬರುತ್ತದೆ, ಮತ್ತು ಬಹುಕಾಲ ಇಟ್ಟುಕೊಂಡ ಆಸ್ತಿಯಾದರೆ 12 ಲಕ್ಷದ ರಿಬೇಟ್ ಆ ಲಾಭಕ್ಕೆ ಸಿಗುವುದಿಲ್ಲ. ಆ ವರ್ಷ ಮಾತ್ರ ಸ್ವಂತ ಬುದ್ಧಿ ಓಡಿಸದೆ ಒಬ್ಬ ಸಿಎ ಹತ್ತಿರ ಹೋಗಿ.

ಆದಾಯ ಕಡಿಮೆ ಇದ್ದರೂ ಹಾಕಬೇಕಾದವರು

4 ಲಕ್ಷದ ಒಳಗಿದ್ದರೂ ಕೆಲವು ಖರ್ಚು, ಕೆಲವು ವ್ಯವಹಾರ ನಿಮ್ಮನ್ನು ರಿಟರ್ನಿಗೆ ಎಳೆಯುತ್ತವೆ. ವರ್ಷದ ಕರೆಂಟ್ ಬಿಲ್ 1 ಲಕ್ಷ ದಾಟಿದರೆ, ಟಿಡಿಎಸ್ ಮತ್ತು ಟಿಸಿಎಸ್ (ಮಾರುವವರು ನಿಮ್ಮಿಂದ ವಸೂಲಿ ಮಾಡುವ ತೆರಿಗೆ) ಸೇರಿ 50,000 ಆದರೆ (60ಕ್ಕಿಂತ ಚಿಕ್ಕವರಿಗೆ 25,000), ಸೇವಿಂಗ್ಸ್ ಖಾತೆಗಳಿಗೆ ಒಟ್ಟು 50 ಲಕ್ಷ ಅಥವಾ ಹೆಚ್ಚು ಜಮೆ ಆದರೆ ಕಡ್ಡಾಯ. ಕೊನೆಯದ್ದು ನಿವೃತ್ತಿಯ ವರ್ಷದಲ್ಲಿ ಆಗಿಬಿಡಬಹುದು. ಗ್ರಾಚ್ಯುಟಿ, ಕಮ್ಯುಟೇಶನ್, ಜಿಪಿಎಫ್, ರಜೆ ನಗದೀಕರಣ, ಇವು ಸರ್ಕಾರಿ ನೌಕರರಿಗೆ ತೆರಿಗೆ ಇಲ್ಲದ ರೊಕ್ಕವೇ. ಆದರೂ ಜಮೆ ಜಮೆಯೇ. ಹಳ್ಳಿಯ ಹೊಲ ಮಾರಿದ ರೊಕ್ಕಕ್ಕೂ ಇದೇ ಮಾತು.

ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದರೂ ರಿಟರ್ನ್ ಹಾಕಬೇಕು. ಅಮೆರಿಕದ ಮಗ ಟಿಕೆಟ್ ಕಳಿಸಿದ್ದರೆ ಅದು ಅವನ ಖರ್ಚು. ಆದರೆ ವಿದೇಶಕ್ಕೆ ಹೋಗುವ ಗಂಡ-ಹೆಂಡತಿ ಇಬ್ಬರ ಖರ್ಚನ್ನೂ ನಿವೃತ್ತರಾದ ಗಂಡನೇ ಕಟ್ಟಿದರೆ ಅದು 2 ಲಕ್ಷ ದಾಟಬಹುದು.  

ಇನ್ನು ಮನೆಯ ಹೆಣ್ಮಕ್ಕಳು ಕೇಳುವ ಪ್ರಶ್ನೆ: ರಿಟರ್ನ್ ಹಾಕಿದರೆ ಗೃಹಲಕ್ಷ್ಮಿ ನಿಲ್ಲುತ್ತದಾ, ಬಿಪಿಎಲ್ ಕಾರ್ಡು ಹೋಗುತ್ತದಾ? ಗೃಹಲಕ್ಷ್ಮಿಯಿಂದ ಹೊರಗಿಟ್ಟಿರುವುದು ಯಜಮಾನಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ. ನಿಮ್ಮ ರಿಟರ್ನಿನಲ್ಲಿ ತೆರಿಗೆ ಸೊನ್ನೆ ಇದ್ದರೆ ಆ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ, ಕೇಳಿದರೆ ತೋರಿಸಲು ಬೇಕಾಗುತ್ತದೆ. ಬಿಪಿಎಲ್ ವಿಷಯ ಬೇರೆ. ಅದರ ಆದಾಯ ಮಿತಿಯೇ ಕುಟುಂಬಕ್ಕೆ ವರ್ಷಕ್ಕೆ 1.20 ಲಕ್ಷ. 4 ಲಕ್ಷ ದಾಟಿ ರಿಟರ್ನ್ ಹಾಕಬೇಕಾದ ಮನೆಗೆ ಆ ಕಾರ್ಡು ಇರಬಾರದು. ಇದನ್ನು ಹೇಳಿದರೆ ಸಿಟ್ಟು ಬರುತ್ತದೆ, ಗೊತ್ತು.

ಹಾಕುವುದು, ತಡವಾದರೆ

ಗಡುವು ಸಾಮಾನ್ಯವಾಗಿ ಜುಲೈ 31. 2025ರಲ್ಲಿ ಅದನ್ನು ಸೆಪ್ಟೆಂಬರ್ 16ರವರೆಗೆ ಎಳೆದರು, ಪ್ರತಿ ವರ್ಷ ಹಾಗೆ ಎಳೆಯುತ್ತಾರೆ ಅಂತ ಕೂರಬೇಡಿ. ಗಡುವು ತಪ್ಪಿದರೆ ಡಿಸೆಂಬರ್ 31ರವರೆಗೆ ಶುಲ್ಕದೊಂದಿಗೆ ಹಾಕಬಹುದು. ಆದಾಯ 5 ಲಕ್ಷದವರೆಗೆ ಇದ್ದರೆ 1,000 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 5,000. ತೆರಿಗೆ ಸೊನ್ನೆ ಇದ್ದರೂ ಈ ಶುಲ್ಕ ಬೀಳುತ್ತದೆ, ಅದೇ ಬೇಜಾರಿನ ಸಂಗತಿ. ಮೇಷ್ಟ್ರು ಮರೆತರೆ 1,000. ಬೀದರಿನ ಅಮ್ಮ ರಿಫಂಡಿಗಾಗಿ ತಡವಾಗಿ ಹಾಕಿದರೆ ಏನೂ ಇಲ್ಲ, ಯಾಕಂದರೆ ಅವರ ಆದಾಯ 4 ಲಕ್ಷದ ಕೆಳಗಿದೆ.

ಹಾಕುವ ಮೊದಲು ಆದಾಯ ತೆರಿಗೆ ಪೋರ್ಟಲಿನಲ್ಲಿ ನಿಮ್ಮ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ಇಳಿಸಿಕೊಳ್ಳಿ. ಯಾವ ಬ್ಯಾಂಕ್ ಎಷ್ಟು ಬಡ್ಡಿ ಕೊಟ್ಟಿದೆ, ಎಷ್ಟು ಟಿಡಿಎಸ್ ಹಿಡಿದಿದೆ, ಎಲ್ಲ ಅದರಲ್ಲಿರುತ್ತದೆ. ಅದನ್ನು ಪಾಸ್‌ಬುಕ್ಕಿನೊಂದಿಗೆ ಹೋಲಿಸಿ ನೋಡಿ. ಪಿಂಚಣಿ ಬಾಕಿ ಒಮ್ಮೆಲೆ ಬಂದಿದ್ದು, ಅದರಿಂದ ಆ ವರ್ಷ ತೆರಿಗೆ ಏರಿದ್ದರೆ 10ಇ ಫಾರ್ಮ್ ತುಂಬಿ ಪರಿಹಾರ ಕೇಳಬಹುದು, ಆದರೆ ರಿಟರ್ನಿಗಿಂತ ಮೊದಲು ತುಂಬಬೇಕು. ರಿಟರ್ನ್ ಹಾಕಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸದಿದ್ದರೆ ಹಾಕಿಲ್ಲದ ಲೆಕ್ಕ. ಆಧಾರಿಗೆ ಮಗನ ನಂಬರು ಜೋಡಿಸಿದ್ದು, ಅವನು ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದರೆ ಮೊದಲೇ ಫೋನ್ ಮಾಡಿ ಹೇಳಿರಿ. ಬಿಸಿನೆಸ್ ಆದಾಯ ಇಲ್ಲದ ಹಿರಿಯರಿಗೆ ಮುಂಗಡ ತೆರಿಗೆಯ ಕಾಟ ಇಲ್ಲ.

"ಜಾಸ್ತಿ ರಿಫಂಡ್ ಕೊಡಿಸ್ತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನಮಗೆ" ಅನ್ನುವವರ ಹತ್ತಿರ ಹೋಗಬೇಡಿ. ಅವರು ಇಲ್ಲದ ದೇಣಿಗೆ, ಇಲ್ಲದ ಮನೆ ಬಾಡಿಗೆ ತೋರಿಸುತ್ತಾರೆ. ನೋಟಿಸ್ ಬರುವಾಗ ಅವರ ಫೋನು ಸ್ವಿಚ್ ಆಫ್. ಹೆಸರು ನಿಮ್ಮದು, ಸಹಿ ನಿಮ್ಮದು.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಆ ದಿನದಿಂದ ಗಳಿಸುವ ಆದಾಯಕ್ಕೆ ಕಲಮುಗಳ, ಫಾರ್ಮುಗಳ ನಂಬರು ಬೇರೆ. 2025-26ರ ಆದಾಯಕ್ಕೆ ಮಾತ್ರ ಹಳೆ ಕಾಯ್ದೆಯೇ, ಇಲ್ಲಿ ಹೇಳಿದ ನಂಬರುಗಳೇ.

ಕೊನೆಗೆ ಮನೆಯವರು ಬಹುತೇಕ ಮರೆಯುವ ಒಂದು ವಿಷಯ. ಪಿಂಚಣಿದಾರರು ವರ್ಷದ ನಡುವೆ ತೀರಿಕೊಂಡರೆ, ಏಪ್ರಿಲ್ 1ರಿಂದ ಆ ದಿನದವರೆಗಿನ ಅವರ ಆದಾಯಕ್ಕೂ ಇದೇ ನಿಯಮ. ಅದು 4 ಲಕ್ಷ ದಾಟಿದ್ದರೆ ವಾರಸುದಾರರು ಅವರ ಹೆಸರಲ್ಲಿ ರಿಟರ್ನ್ ಹಾಕಬೇಕು. ಪೋರ್ಟಲಿನಲ್ಲಿ ವಾರಸುದಾರರಾಗಿ ನೋಂದಾಯಿಸಲು ಮರಣ ಪ್ರಮಾಣ ಪತ್ರ, ಇಬ್ಬರ ಪ್ಯಾನ್ ಮತ್ತು ವಾರಸುದಾರಿಕೆಯ ದಾಖಲೆ ಬೇಕು. ತೀರಿಕೊಂಡವರ ಬಡ್ಡಿಯಲ್ಲಿ ಹಿಡಿದ ಟಿಡಿಎಸ್ ವಾಪಸ್ ಬರುವುದೂ ಈ ದಾರಿಯಲ್ಲೇ. ಆಮೇಲಿನ ದಿನಗಳ ಕುಟುಂಬ ಪಿಂಚಣಿ ಹೆಂಡತಿಯ ಸ್ವಂತ ಲೆಕ್ಕ, ಅದಕ್ಕೆ ಬೇರೆ ಪ್ಯಾನ್, ಬೇರೆ 15ಎಚ್.